ಬಲಗಡೆಯ ದಳ

ಇವತ್ತೂ ಹೂವಿನ ಪುಡಿ, ಅಂದರೆ ಪೊಟ್ಟಣ, ಆರೂ ಇಪ್ಪತ್ತಕ್ಕೆ ಬಂತು. ಬರಬೇಕಾದದ್ದು ಆರಕ್ಕೆ. ನಮ್ಮ ಸಯನ್ ಬಿಲ್ಡಿಂಗಿನಲ್ಲಿ ಎಲೆಯಲ್ಲಿ ಕಟ್ಟಿದ ಹೂವನ್ನು ಬಾಗಿಲ ಚಿಲಕಕ್ಕೆ ತೂಗುಹಾಕಿ ಹೋಗುವ ಪದ್ಧತಿ. ಬೈಯೋಣವೆಂದರೆ ಎದುರಿಗೆ ಆಳಿರುವುದಿಲ್ಲ. ಬಿಚ್ಚಿದರೆ ನಾಲ್ಕು ಚೆಂಡುಹೂವು, ಒಂದು ದಾಸವಾಳ, ಒದ್ದೆ ಎಲೆಯ ವಾಸನೆ. ಆ ವಾಸನೆ ಬಂದರೆ ಸಾಕು, ನನಗೆ ಎಂಟು ಹದಿನೇಳರ ಲೋಕಲ್ ತಪ್ಪಿದಷ್ಟು ಸಿಟ್ಟು ಬರುತ್ತದೆ.

ಕಾರಣ ಹೇಳುತ್ತೇನೆ, ನ್ಯಾಯ ನೀವೇ ಹೇಳಿ. ನನ್ನ ಹೆಂಡತಿಯ ಬಳಿ ವಿಜಯಪುರದ ತವರಿನಿಂದ ತಂದ ಬನಶಂಕರಿಯ ಹಿತ್ತಾಳೆ ಮೂರ್ತಿ ಇದೆ. ಏನೇ ನಿರ್ಧಾರವಿರಲಿ, ಅದಕ್ಕೆ ಪ್ರಸಾದ ಕೇಳಬೇಕು. ಮೂರ್ತಿಯ ಎರಡೂ ಭುಜಕ್ಕೆ ಹೂವಿನ ಒದ್ದೆ ದಳ ಅಂಟಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದಾದರೆ ಬೇಡ. ಮಗಳ ಸಂಬಂಧಕ್ಕೂ ಕೇಳಿದಳು, ಫ್ರಿಜ್ಜಿಗೂ ಕೇಳಿದಳು. ಅಷ್ಟೂ ಹೊತ್ತು ನನ್ನ ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿರುತ್ತಿತ್ತು.

"ಐದು ನಿಮಿಷ ತಡೀರಿ, ಇನ್ನೂ ಬಿದ್ದಿಲ್ಲ."

"ಟ್ರೇನ್ ತಡಿಯೂದಿಲ್ಲ."

"ನಿಮ್ಮ ಟ್ರೇನ್ ಮೂರು ನಿಮಿಷಕ್ಕೊಂದು ಬರ್ತದ. ನಮ್ಮವ್ವ ಹಂಗ ಬರೂದಿಲ್ಲ."

ಎಡಗಡೆಯದು ಬಿದ್ದರೆ "ನೀರು ಕಡಿಮಿ ಆಗಿತ್ತು" ಎಂದು ಮತ್ತೆ ಅಂಟಿಸುತ್ತಿದ್ದಳು. ದೇವರಿಗೂ ಮರುಪರೀಕ್ಷೆ! ಫೋರ್ಟಿನ ಆಫೀಸಿಗೆ ನಾನು ತಡವಾಗಿ ಹೋದ ದಿನಗಳೆಲ್ಲ ಬನಶಂಕರಿಯ ಕೃಪೆ.

ನಿವೃತ್ತಿಯ ನಂತರ ದಿನಚರಿ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ, ಎರಡು ವರ್ಷದ ಹಿಂದೆ, ಅವಳ ಹೃದಯದ ಕವಾಟ ಕೈಕೊಟ್ಟಿತು. ನಾಳೆಯೇ ಆಪರೇಷನ್ ಆಗಬೇಕು, ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ಕೊಡಿ ಎಂದರು ಡಾಕ್ಟರು.

"ಅವ್ವನ್ನ ಕೇಳದ ನಾ ಹೂಂ ಅನ್ನಂಗಿಲ್ಲ," ಎಂದಳು ಆಸ್ಪತ್ರೆಯ ಹಾಸಿಗೆಯಿಂದಲೇ. "ಮನಿಗೆ ಹೋಗಿ ಪ್ರಸಾದ ಕೇಳಿ ಬರ್ರಿ."

"ನಾನಾ?"

"ಮತ್ತ ನಾ ಎದ್ದು ಹೋಗಲೇನು?"

ಕುರ್ಲಾದಿಂದ ಓಡಿ ಬಂದಿದ್ದ ಮಗಳು, "ಪಪ್ಪಾ, ಜಾವೋ ನಾ, ಪ್ಲೀಸ್. ಟೈಮ್ ಇಲ್ಲ," ಎಂದು ನನ್ನನ್ನೇ ಹೊರಗೆ ದೂಡಿದಳು.

ಟ್ಯಾಕ್ಸಿಯಲ್ಲಿ ಬಂದೆ. ಎರಡೂ ದಳಗಳನ್ನು ಸರಿಸಮ ಎತ್ತರದಲ್ಲಿ, ಒತ್ತಿ, ಅಚ್ಚುಕಟ್ಟಾಗಿ ಅಂಟಿಸಿದೆ. ಅದೇ ತಪ್ಪಾಯಿತು. ಹತ್ತು ನಿಮಿಷವಾದರೂ ಎರಡೂ ಅಲುಗಲಿಲ್ಲ. ಫ್ಯಾನಿನ ಸ್ವಿಚ್ಚಿನ ಮೇಲೆ ಕೈಯಿಟ್ಟೆ, ತೆಗೆದೆ. "ಏನವ್ವಾ, ನೀನೂ ಫೈಲು ತಿರುವಿ ನೋಡಬೇಕೇನು?" ಎಂದು ಗದರಿದೆ. ಇಪ್ಪತ್ತು ನಿಮಿಷ. ಸುತ್ತ ನೋಡಿದೆ. ಗೂಟಕ್ಕೆ ಒದ್ದೆ ಟವೆಲಿಲ್ಲ, ಟಿ.ವಿ. ಮೇಲೆ ಅವಳ ಕನ್ನಡಕವಿಲ್ಲ, ಕಟ್ಟೆಯ ಮೇಲೆ ಮುಚ್ಚಳವಿಲ್ಲದ ಡಬ್ಬಿಯಿಲ್ಲ. ಮೂವತ್ತೆಂಟು ವರ್ಷ ನಾನು ಜಗಳವಾಡಿ ಬೇಡಿದ ಅಚ್ಚುಕಟ್ಟು ಮನೆ. ಹೆದರಿಕೆಯಾಯಿತು. ಆಮೇಲೆ ಬಲ ಎಡ ಕೇಳುವುದನ್ನು ಬಿಟ್ಟೆ. "ಏನಾದರೂ ಮಾಡು, ಆಕೀನ್ನ ಮನಿಗೆ ಕಳಸು," ಎಂದು ಸುಮ್ಮನೆ ಕೂತೆ.

ಆಸ್ಪತ್ರೆ ತಲುಪಿದಾಗ ಹನ್ನೆರಡಕ್ಕೆ ಕೆಲವೇ ನಿಮಿಷ.

"ಯಾವ ಕಡೀದು ಬಿತ್ತು?"

ಬಲಗಡೆಯದು ಎಂದುಬಿಡಲು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಬಾಯಿಗೆ ಬರಲಿಲ್ಲ. "ಯಾವುದೂ ಬೀಳಲಿಲ್ಲ. ನಲವತ್ತು ನಿಮಿಷ ಕೂತಿದ್ದೆ."

"ಎಷ್ಟು?"

"ನಲವತ್ತು."

ಅವಳು ಮಗಳ ಕಡೆ ತಿರುಗಿದಳು. "ಕೇಳಿದೇನವಾ? ನಿಮ್ಮಪ್ಪ ದೇವರ ಮುಂದ ನಲವತ್ತು ನಿಮಿಷ ಕೂತಿದ್ದರಂತ! ಇನ್ನೇನ ಪ್ರಸಾದ ಬೇಕು? ತಾ ಆ ಕಾಗದ, ಸಹಿ ಮಾಡ್ತೀನಿ."

ಆ ಸಂಜೆ ಮನೆಗೆ ಬಂದು ನೋಡಿದರೆ ಎರಡೂ ದಳ ಕೆಳಗೆ ಬಿದ್ದಿದ್ದವು. ಯಾವುದು ಮೊದಲೋ ಬನಶಂಕರಿಯೇ ಬಲ್ಲಳು.

ಅವಳು ಮನೆಗೆ ಬಂದಳು. ನೆಲದ ಮೇಲೆ ಕೂರಲಾಗದ್ದರಿಂದ ಈಗ ಪೂಜೆ ನನ್ನದು, ಕುರ್ಚಿಯಿಂದ ಮೇಲ್ವಿಚಾರಣೆ ಅವಳದು. "ಗೋಡಿಗೆ ಸುಣ್ಣ ಬಳದಂಗ ಗಂಧ ಯಾಕ ಬಳಿತೀರಿ?" ದಿನಾ ಏನಾದರೊಂದು. ತಲೆ ಚಿಟ್ಟು ಹಿಡಿಯುತ್ತದೆ.

ಇವತ್ತು ದಾಸವಾಳದ ಎರಡು ದಳ ಕಿತ್ತು ಭುಜಗಳಿಗೆ ಅಂಟಿಸಿದೆ. ಕೇಳಲು ಏನೂ ಇರಲಿಲ್ಲ.

"ರೀ, ಚಹಾ ಆರಿತು. ನಿಮ್ಮ ವಾಕಿಂಗ್ ಟೈಮ್ ಮೀರಿತು, ಏಳ್ರಿ," ಹಿಂದಿನಿಂದ ಗೊಣಗಿದಳು.

"ಐದು ನಿಮಿಷ ತಡಿ," ಎಂದೆ. "ಇನ್ನೂ ಬಿದ್ದಿಲ್ಲ."