ತಗ್ಗಿದ ದನಿಯ ಸುಗಲಾ

ವಾಗದರಿಯ ಸುಗಲಾ ನಾಟಕಕ್ಕೆ ಬಂದದ್ದು ಅಡಿಗೆಮನೆಯ ದಾರಿಯಿಂದ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದ ಸೋದರತ್ತೆ ಗುರುಬಾಯಿ, ಶಾಂತಲಿಂಗಪ್ಪನವರ ನಾಟಕ ಕಂಪನಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದಳು. ತಂದೆ ಅಮೋಗಸಿದ್ಧ ಕುರಿ ಹಿಂಡಿನ ಹಿಂದೆ ಊರೂರು ತಿರುಗುವವನು. ಮಗಳು ಅತ್ತೆಯ ಹತ್ತಿರವಿದ್ದರೆ ಬಿಸಿ ಊಟವಾದರೂ ಸಿಗುತ್ತದೆಂದು ಒಪ್ಪಿಕೊಂಡ.

1970ರ ಬೇಸಿಗೆಯಲ್ಲಿ ಕಂಪನಿ ಅಕ್ಕಲಕೋಟೆಯಲ್ಲಿ ತಂಬು ಹೂಡಿದಾಗ, ರಾಜಕುಮಾರನ ಪಾತ್ರ ಮಾಡುತ್ತಿದ್ದ ಹುಡುಗನಿಗೆ ದಡಾರ ಎದ್ದಿತು. ಒಲೆಯ ಮುಂದೆ ಕೂತು ಆ ಪಾತ್ರದ ಹಾಡೆಲ್ಲ ಹಾಡುತ್ತಿದ್ದ ಹತ್ತು ವರ್ಷದ ಸುಗಲಾಳಿಗೆ ಜರಿ ರುಮಾಲು ಸುತ್ತಿ ರಂಗದ ಮೇಲೆ ನಿಲ್ಲಿಸಿದರು. ಅವಳ ಎತ್ತರದ, ಸೀಳಿ ಬರುವ ದನಿ ತಂಬಿನ ಕೊನೆಯ ಸಾಲಿಗೂ ಮುಟ್ಟಿತು. ಹುಡುಗ ಗುಣವಾಗಿ ಬಂದರೂ ರುಮಾಲು ಇವಳ ತಲೆಯ ಮೇಲೆಯೇ ಉಳಿಯಿತು.

ಹದಿನೈದು ತುಂಬುವ ಹೊತ್ತಿಗೆ ಆ ದನಿ ಇಳಿಯಿತು. ಒಡೆಯಲಿಲ್ಲ, ಬರೀ ತಗ್ಗಿತು. ಹಾರ್ಮೋನಿಯಂ ಮಾಸ್ತರ ಧರೆಪ್ಪ ಶ್ರುತಿಗೆ ಎಂದಿನ ಎತ್ತರದ ಪಟ್ಟಿ ಹಿಡಿದರೆ ಅವಳು ಮೇಲೇರಲಾರದೆ ನಿಂತುಬಿಡುತ್ತಿದ್ದಳು. ಹಾಡಿಲ್ಲದ ದಾಸಿಯ ಪಾತ್ರಗಳು ಅವಳ ಪಾಲಿಗೆ ಬಂದವು. ಅವಳು ಅಳಲಿಲ್ಲ, ಆದರೆ ತಾಲೀಮಿನ ಹೊತ್ತಿಗೆ ತಂಬಿನ ಹಿಂದೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡಳು.

ಆಗ ಕಂಪನಿ ಸೊಲ್ಲಾಪುರದಲ್ಲಿ, ರೇಲ್ವೆ ಕ್ವಾರ್ಟರ್ಸಿನ ಮಗ್ಗುಲಲ್ಲಿತ್ತು. ಪರದೆ ಏಳುವಾಗ ಟ್ರಂಪೆಟ್ ಊದಲು ಕಾಯ್ತಾನ್ ಎಂಬ ನಿವೃತ್ತ ಗಾರ್ಡ್ ಬರುತ್ತಿದ್ದರು. ಮೂಲ ಗೋವೆಯವರು. ರೇಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ನೌಕರರ ಕುಟುಂಬಗಳು ಸೇರುವ ಶನಿವಾರದ ಕುಣಿತಕ್ಕೆ ಅವರದೇ ಸಣ್ಣದೊಂದು ಬ್ಯಾಂಡಿತ್ತು. ತಂಬಿನ ಹಿಂದೆ ಸುಗಲಾ ಗುನುಗುವುದನ್ನು ಕೇಳಿ ಅವರು ಪಕ್ಕದಲ್ಲಿ ಬಂದು ಕೂತರು.

“ದನಿ ಕೆಟ್ಟೈತಿ ಅಂತ ಯಾರ ಹೇಳಿದ್ರು ನಿನಗ?”

“ಧರೆಪ್ಪ ಮಾಸ್ತರರ ಪೇಟಿಗೆ ಕೂಡೂದಿಲ್ರಿ.”

“ಪೇಟಿ ಬ್ಯಾರೆ ಐತಿ. ಬಾ, ನಮ್ಮ ಹಾಡು ಕೇಳು.”

ಅವರ ಮನೆಯ ಗ್ರಾಮೋಫೋನಿನಲ್ಲಿ ಅವಳು ಮೊದಲ ಸಲ ಜಾಝ್ ಕೇಳಿದಳು. ತನ್ನಂತೆಯೇ ತಗ್ಗಿನ ದನಿಯ ಹೆಂಗಸೊಬ್ಬಳು, ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಮಾತಾಡಿದಷ್ಟು ಆರಾಮಾಗಿ ಹಾಡುತ್ತಿದ್ದಳು. ಇಂಗ್ಲಿಷ್ ಬಾರದ ಸುಗಲಾಳಿಗೆ ಕಾಯ್ತಾನ್ ಒಂದೊಂದೇ ಮಾತಿನ ಅರ್ಥವನ್ನು, ತಮ್ಮ ಕನ್ನಡ ಸಾಲದ ಕಡೆ ಮರಾಠಿಯಲ್ಲಿ, ಬಿಡಿಸಿ ಹೇಳಿದರು. ಅವಳ ತೊಂದರೆ ಭಾಷೆಯಲ್ಲಿರಲಿಲ್ಲ, ತಾಳದಲ್ಲಿತ್ತು.

“ತಾಳದ ಮ್ಯಾಲ ಹಂಗ ಬೀಳಬ್ಯಾಡ ಪೋರಿ. ಅದನ್ನ ಮುಂದ ಹೋಗಾಕ ಬಿಡು. ನೀ ಹಿಂದಿಂದ ಸಾವಕಾಶ ಬಾ,” ಎನ್ನುತ್ತಿದ್ದರು.

ಇನ್‌ಸ್ಟಿಟ್ಯೂಟಿಗೆ ಹಾಡಲು ಕಾಯ್ತಾನ್ ಕರೆದಾಗ ಗುರುಬಾಯಿ ರೊಟ್ಟಿ ತಿರುವುತ್ತ ಕೇಳಿದಳು, “ಗಂಡಾಹೆಣ್ಣಾ ಕೂಡಿ ಕುಣಿಯೂ ಜಾಗಾ ಅದು. ನಿಮ್ಮಪ್ಪ ಕೇಳಿದ್ರ ಏನ ಹೇಳ್ಲಿ?”

“ನಾ ಕುಣಿಯಾಂಗಿಲ್ಲ, ಹಾಡಾಕಿ. ನೀನೂ ಬಾ ಅತ್ತಿ, ಕಣ್ಣಿಲೆ ನೋಡು.”

ಗುರುಬಾಯಿ ಎಲೆಯಡಿಕೆ ಚೀಲ ಹಿಡಿದು ಬಂದು ಬಾಗಿಲ ಬಳಿ ಕೂತಳು. ಸುಗಲಾ ಇಳಕಲ್ ಸೀರೆಯುಟ್ಟು ಮೈಕಿನ ಮುಂದೆ ನಿಂತಳು. ನಾಟಕದಲ್ಲಾದರೆ ಊರೆಲ್ಲ ನಟಿಯ ಮುಖವನ್ನೇ ನೋಡುತ್ತದೆ. ಇಲ್ಲಿ ಒಬ್ಬರೂ ನೋಡಲಿಲ್ಲ. ಜೋಡಿಗಳು ಬೆನ್ನು ತಿರುಗಿಸಿ ಕುಣಿಯುತ್ತಲೇ ಇದ್ದವು. ಹಾಡು ಮುಗಿದಾಗ ಅವಳ ಮುಖ ಸಣ್ಣದಾಗಿತ್ತು.

“ಯಾರೂ ಕೇಳಲಿಲ್ರಿ,” ಎಂದಳು.

ಕಾಯ್ತಾನ್ ನಕ್ಕರು. “ಕೇಳದ ಹೆಂಗ ಕುಣದ್ರು? ನಿನ್ನ ದನಿ ನಿಂತ ಕೂಡ್ಲೆ ಅವರ ಕಾಲೂ ನಿಂತುವಲ್ಲ.”

ಅದನ್ನು ಅವಳು ಗಮನಿಸಿರಲಿಲ್ಲ. ಎರಡನೆಯ ಹಾಡಿಗೆ ಅವಳು ಮುಖಗಳನ್ನು ಬಿಟ್ಟು ಕಾಲುಗಳನ್ನು ನೋಡುತ್ತ ಹಾಡಿದಳು.

ಸುದ್ದಿ ಕಂಪನಿಯ ಮಾಲೀಕ ಶಾಂತಲಿಂಗಪ್ಪನವರ ಕಿವಿಗೆ ಬಿತ್ತು. ಅವರು ಸಿಟ್ಟಿನ ಮನುಷ್ಯರಲ್ಲ. ಕರೆಸಿ, “ನೀ ನಾಟಕದಾಕಿ ಇದ್ದೀಯೊ, ಬ್ಯಾಂಡಿನಾಕಿ ಇದ್ದೀಯೊ?” ಎಂದಷ್ಟೇ ಕೇಳಿದರು.

“ಎರಡೂ ಇರ್ತೀನ್ರಿ ಸಾಹುಕಾರ್ರ. ದಾಸಿ ಪಾರ್ಟ ಬ್ಯಾಡ, ಮಲತಾಯಿ ಪಾರ್ಟ ಕೊಡ್ರಿ. ಈ ದನಿ ಅದಕ್ಕ ಒಪ್ಪತೈತಿ.”

“ಇನ್ನಾ ಹುಡುಗಿ ನೀ. ಮಲತಾಯಿ ಅಂದ್ರ ಜನ ನಗತಾರ.”

“ನಕ್ಕರ ಬಿಟ್ಟಬಿಡ್ತೀನ್ರಿ.”

ಧರೆಪ್ಪ ಗೊಣಗುತ್ತಲೇ ಪಟ್ಟಿ ಇಳಿಸಿದ. ಮೊದಲ ಆಟದಲ್ಲಿ ಮಲತಾಯಿ ಮಲಮಗನನ್ನು ಕಾಡಿಗೆ ಕಳಿಸುವ ಮುನ್ನ ಹಾಡುವ ಹಾಡನ್ನು ಸುಗಲಾ ತಾಳದ ಹಿಂದೆ ಹಿಂದೆ, ಅವಸರವಿಲ್ಲದೆ ಹಾಡಿದಳು. ತಬಲಾದವನು ಗಾಬರಿಯಿಂದ ಎರಡು ಸಲ ಅವಳತ್ತ ನೋಡಿದ. ಜನ ನಗಲಿಲ್ಲ. ಮುಂದಿನ ಸಾಲಿನ ಹೆಂಗಸರು ಸಣ್ಣ ದನಿಯಲ್ಲಿ ಆ ಮಲತಾಯಿಗೆ ಶಾಪ ಹಾಕತೊಡಗಿದರು. ಪರದೆಯ ಸಂದಿಯಲ್ಲಿ ನಿಂತಿದ್ದ ಶಾಂತಲಿಂಗಪ್ಪನವರು ಅದನ್ನು ಕೇಳಿ ಹೊರಗೆ ಹೋಗಿ ಸಮಾಧಾನದಿಂದ ಬೀಡಿ ಹಚ್ಚಿದರು. ಪಾತ್ರ ಅವಳಿಗೇ ಖಾಯಂ ಆಯಿತು. ಕಂಪನಿ ಸೊಲ್ಲಾಪುರದತ್ತ ಬಂದಾಗಲೆಲ್ಲ ಬ್ಯಾಂಡಿನ ಹಾಡೂ ನಡೆಯಿತು.

1979ರ ಮಳೆಗಾಲದಲ್ಲಿ ತಂಬು ಮಡಚಿಟ್ಟಾಗ, ಪುಣೆಯ ಹೋಟೆಲೊಂದರಿಂದ ಕಾಯ್ತಾನರ ಬ್ಯಾಂಡಿಗೆ ಕರೆ ಬಂತು. ಸುಗಲಾ ಅತ್ತೆಯನ್ನೂ ಕರೆದುಕೊಂಡು ಹೋದಳು. ಅಲ್ಲಿಂದ ಮುಂದೆ ಅವಳ ವರ್ಷಗಳು ಹೀಗೆಯೇ ಸಾಗಿದವು: ಮಳೆಯ ತಿಂಗಳುಗಳಲ್ಲಿ ಹೋಟೆಲಿನ ಹಾಡು, ಮಳೆ ನಿಂತ ಮೇಲೆ ಕಂಪನಿಯ ನಾಟಕ.

ಆ ಮೊದಲ ಮಳೆಗಾಲದ ಒಂದು ಸಂಜೆ ಹೋಟೆಲಿನಲ್ಲಿ ನಾಲ್ಕೈದು ಮೇಜಿಗಷ್ಟೇ ಜನರಿದ್ದರು. ಮ್ಯಾನೇಜರ್ ಹತ್ತಿರ ಬಂದು, ಜೋರಿನದೊಂದು ಹಾಡಿ ಎಂದು ಸನ್ನೆ ಮಾಡಿದ. ಸುಗಲಾ ಆಗಲೆಂದು ತಲೆಯಾಡಿಸಿದಳು, ಹಾಡುತ್ತಿದ್ದ ನಿಧಾನದ ಹಾಡನ್ನು ಅದರ ನಡಿಗೆಯಲ್ಲೇ ಕೊನೆ ಮುಟ್ಟಿಸಿದಳು, ಒಂದು ಗುಟುಕು ನೀರು ಕುಡಿದು ಕಾಯ್ತಾನರ ಕಡೆ ತಿರುಗಿ, “ಈಗ ಜೋರಿಂದು ಹಿಡೀರಿ. ನಾ ಹಿಂದಿಂದ ಸಾವಕಾಶ ಬರ್ತೀನಿ,” ಎಂದಳು.