ಈಥರ್ ಇದ್ದ ಕೋಣೆಗೆ ದೀಪ ತಂದ ದಿನ

ಹೋದ ತಿಂಗಳು ಯಾದಗಿರಿಯ ದವಾಖಾನೆಯಲ್ಲಿ ನನ್ನ ಕೈಗೆ ಅಂಟಿಸಿದ್ದ ಪಟ್ಟಿ ಬಿಚ್ಚುವಾಗ ಅದರ ಅಂಟು ಬಿಡಲಿಲ್ಲ. ನರ್ಸ್ ಹುಡುಗಿ ಸಣ್ಣ ಬಾಟಲಿಯೊಂದನ್ನು ತೆಗೆದು ಹತ್ತಿಗೆ ನಾಲ್ಕು ಹನಿ ಹಾಕಿ ಒರೆಸಿದಳು. ಚರ್ಮ ತಣ್ಣಗಾಯಿತು. ಅದರ ಹಿಂದೆಯೇ ವಾಸನೆ ಬಂತು... ಸಿಹಿಯೆನಿಸುವ, ಗಂಟಲಿಗೆ ಇಳಿದು ತಲೆಯನ್ನು ಹಗುರ ಮಾಡುವ ವಾಸನೆ.

"ಇದು ಈಥರ್ ಏನವಾ?" ಎಂದೆ.

"ಹೌದ್ರಿ ಅಜ್ಜಿ. ನಿಮಗ ಹ್ಯಾಂಗ ಗೊತ್ತಾತು?"

ಅಲ್ಲೇ ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ.

ನಾನು ಮದುವೆಯಾಗಿ ವಿಜಾಪುರದ ಕಡೆಯಿಂದ ಶಹಾಪುರಕ್ಕೆ ಬಂದಾಗ ರಾಜ್ಯ ಒಂದಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನನ್ನ ಯಜಮಾನರಿಗೆ ಅಲ್ಲಿನ ಕೋರ್ಟಿನಲ್ಲಿ ನೌಕರಿ. ಟ್ರೇನಿಂಗ್ ಆಗಿದ್ದ ನನ್ನನ್ನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಲು ತೆಗೆದುಕೊಂಡರು. ನಿಜಾಮರ ಕಾಲದಿಂದ ಉರ್ದುವಿನಲ್ಲಿ ನಡೆದುಬಂದಿದ್ದ ಶಾಲೆ ಆಗ ಕನ್ನಡಕ್ಕೆ ಹೊರಳುತ್ತಿತ್ತು. ಗೋಡೆಯ ಮೇಲೆ ಉರ್ದು ಅಕ್ಷರಗಳನ್ನು ಸುಣ್ಣ ಬಳಿದು ಮುಚ್ಚಿದ್ದರು, ಆದರೂ ಅವು ಒಳಗಿನಿಂದ ತೆಳ್ಳಗೆ ಕಾಣುತ್ತಿದ್ದವು. ಮಾಸ್ತರರಲ್ಲೂ ಎರಡು ಗುಂಪು. ಹೈದರಾಬಾದಿನಲ್ಲಿ ಓದಿದ ಹಳಬರು ಒಂದು ಕಡೆ. ನನ್ನ ಹಾಗೆ, ಹೆಡ್‌ಮಾಸ್ತರರ ಹಾಗೆ ಮುಂಬೈ ಸೀಮೆಯಿಂದ ಬಂದವರು ಇನ್ನೊಂದು ಕಡೆ. ಹಳಬರಿಗೆ ಭಾಷೆ ಬರುವುದಿಲ್ಲ, ಅದಕ್ಕೇ ಬುದ್ಧಿಯೂ ಕಡಿಮೆ ಎಂದು ಹೆಡ್‌ಮಾಸ್ತರರು ಬಹಿರಂಗವಾಗಿಯೇ ಹೇಳುತ್ತಿದ್ದರು.

ಸೈನ್ಸ್ ಮಾಸ್ತರರು ಹಳಬರ ಕಡೆಯವರು. ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ ಹರಗೋಲು ನಡೆಸುವ ಮನೆತನದಲ್ಲಿ ಹುಟ್ಟಿದವರು. ಆ ಮನೆತನದಲ್ಲಿ ಓದಲೆಂದು ಹೈದರಾಬಾದಿಗೆ ಹೋದವರು ಅವರೊಬ್ಬರೇ. ಮನೆಮಾತು ಅಪ್ಪಟ ಕನ್ನಡ. ಆದರೆ ಕನ್ನಡ ಅಕ್ಷರ ಬರೆಯಲು ಬರುತ್ತಿರಲಿಲ್ಲ, ಏಕೆಂದರೆ ಯಾರೂ ಅವರಿಗೆ ಕಲಿಸಿರಲಿಲ್ಲ. ನಾನು ಸೇರಿದ ಹೊಸದರಲ್ಲೇ ಸ್ಲೇಟು ಹಿಡಿದು ನನ್ನ ಮುಂದೆ ಬಂದು ಕೂತರು. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರು.

"ಅಕ್ಕೋರ, ನನಗ ಬರಿಯೂದು ಕಲಸ್ರಿ. ಮಾತು ನಂದೇ ಅದ, ಅಕ್ಷರ ಅಷ್ಟ ನಿಮ್ಮ ಹಂತ್ಯಾಕ ಅದಾವ" ಎಂದರು.

ನಡುಹೊತ್ತಿನ ಬಿಡುವಿನಲ್ಲಿ ಅವರು ನನ್ನಿಂದ ಒತ್ತಕ್ಷರ ಕಲಿಯುತ್ತಿದ್ದರು. ಬದಲಿಗೆ ನನಗೆ ಪ್ರಯೋಗದ ಸಾಮಾನುಗಳನ್ನು ತೋರಿಸುತ್ತಿದ್ದರು. ಈಥರ್ ನೋಡಿದ್ದು ಆಗಲೇ. ಹೈದರಾಬಾದಿನಿಂದ ರೈಲಿನಲ್ಲಿ ಅದರ ಡಬ್ಬಿ ಯಾದಗಿರಿ ಸ್ಟೇಷನ್ನಿಗೆ ಬರುತ್ತಿತ್ತು. ಮಾಸ್ತರರು ತಾವೇ ಹೋಗಿ ತರುತ್ತಿದ್ದರು. ಬಸ್ಸಿನಲ್ಲಿ ಬೀಡಿ ಸೇದುವವರಿರುತ್ತಾರೆಂದು ಎತ್ತಿನ ಗಾಡಿ ಮಾಡಿಕೊಂಡು, ಹಸಿ ಹುಲ್ಲಿನ ನಡುವೆ ಡಬ್ಬಿಯನ್ನಿಟ್ಟು, ಗಾಡಿಯವನ ಬೀಡಿ ಕಸಿದುಕೊಂಡು ಬರುತ್ತಿದ್ದರು. "ಹೊಸ ಸೊಸಿ ಕರ್ಕೊಂಡ್ ಬಂದ್ರು" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು.

ಡಬ್ಬಿಗೆ ಶಾಲೆಯ ಹಿಂದೆ, ಉತ್ತರದ ಗೋಡೆಯ ನೆರಳಲ್ಲಿ, ಒದ್ದೆ ಉಸುಕು ತುಂಬಿದ ಗುಡಾಣವೇ ಮನೆ. ದಿನಾ ಬೆಳಿಗ್ಗೆ ಅವರೇ ಉಸುಕಿಗೆ ನೀರು ಹಾಕುತ್ತಿದ್ದರು.

"ನಮ್ಮ ಕಡಿ ಬ್ಯಾಸಗಿ ಇದಕ್ಕ ಒಲಿ ಇದ್ದಂಗ್ರಿ. ಒಲಿ ಮ್ಯಾಲ ಇಡದಿದ್ರೂ ತಾನ ಕುದಿತದ. ಬಿರಡಿ ಬಿಗಿಯಾಗಿದ್ರ ಒಡಿತದ, ಸಡಿಲಾದ್ರ ಹೊರಗ ಹರಿತದ" ಎಂದು ವಿವರಿಸಿದ್ದರು. "ಇದರ ಆವಿ ಹೊಗಿಯಂಗ ಮ್ಯಾಲ ಹೋಗೂದಿಲ್ಲ. ಗಾಳಿಗಿಂತ ಭಾರ. ನೆಲ ಹಿಡದು ಹರಿತದ, ಕಣ್ಣಿಗಿ ಕಾಣಂಗಿಲ್ಲ. ಖೋಲಿ ಆ ತುದ್ಯಾಗ ಒಂದು ದೀಪ ಇದ್ರ ಸಾಕು, ಅಲ್ಲಿ ತನ ಹೋಗಿ ಬೆಂಕಿ ಕರ್ಕೊಂಡ ತಿರುಗಿ ಬರ್ತದ."

ಈಥರ್ ತೆಗೆಯುವ ದಿನ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಹುಡುಗರ ಜೇಬು ತಡವಿ ಕಡ್ಡಿಪೆಟ್ಟಿಗೆ ಇದೆಯೇ ನೋಡುತ್ತಿದ್ದರು. ಕಿಟಕಿ, ಬಾಗಿಲು ಎಲ್ಲ ತೆರೆಸುತ್ತಿದ್ದರು. ಒದ್ದೆ ಗೋಣಿಚೀಲವೊಂದು ಪಕ್ಕದಲ್ಲಿ ಇರಲೇಬೇಕು. ಬೇಕಾದಷ್ಟೇ ಸಣ್ಣ ಸೀಸೆಗೆ ಬಗ್ಗಿಸಿಕೊಂಡು, ಡಬ್ಬಿಯನ್ನು ಮತ್ತೆ ಗುಡಾಣದಲ್ಲಿಟ್ಟು ಬಂದ ಮೇಲೆಯೇ ಪಾಠ. ಒಮ್ಮೆ ಬೇಸಿಗೆಯ ಮುಂಜಾನೆ ಅಂಗಳದ ಬೇವಿನ ಗಿಡದ ಕೆಳಗೆ ಒಂದು ಪ್ರಯೋಗ ಮಾಡಿದರು. ಮರದ ತುಂಡಿನ ಮೇಲೆ ನೀರು ಚೆಲ್ಲಿ, ಅದರ ಮೇಲೆ ಗಾಜಿನ ಬಟ್ಟಲಿಟ್ಟು, ಬಟ್ಟಲಿಗೆ ಈಥರ್ ಹಾಕಿ, ತಿದಿಯಿಂದ ಗಾಳಿ ಊದಿದರು. ಈಥರ್ ಆರುತ್ತ ಆರುತ್ತ ಬಟ್ಟಲಿನ ಕೆಳಗಿನ ನೀರು ಬಿಳಿಯಾಗಿ ಮರಕ್ಕೆ ಹಿಡಿದುಕೊಂಡಿತು. ಬಟ್ಟಲು ಎತ್ತಿದರೆ ಮರದ ತುಂಡೂ ಜೊತೆಗೆ ಬಂತು. ಶಹಾಪುರದ ಆ ಬಿಸಿಲಲ್ಲಿ ಬರ್ಫ! ಒಬ್ಬ ಹುಡುಗಿ ಬೆರಳಿಟ್ಟು, ಸುಟ್ಟಿತೆಂಬಂತೆ ಹಿಂದಕ್ಕೆಳೆದುಕೊಂಡು, ಮತ್ತೆ ಇಟ್ಟಳು. ಪೇಟೆಯ ಬಟ್ಟೆ ಅಂಗಡಿಯವರ ಮಗಳು. ಅವಳ ಮುಖವನ್ನು ನೋಡಿ ಮಾಸ್ತರರು ನಕ್ಕ ನಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಬರ್ಫದ ಸುದ್ದಿ ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಪ್ರಯೋಗಾಲಯಕ್ಕೆ ಹೊಸ ಕೋಣೆ ಕಟ್ಟಿ ಮುಗಿದಿತ್ತು, ಉದ್ಘಾಟನೆಗೆ ಮೇಲಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಬರ್ಫ ತೋರಿಸಬೇಕೆಂದು ಅಪ್ಪಣೆಯಾಯಿತು. ಮಾಸ್ತರರು ಒಪ್ಪಿದರು, ಆದರೆ ಒಂದು ಮಾತು ಪಡೆದುಕೊಂಡರು. ದೀಪ, ಊದಿನಕಡ್ಡಿ, ಆರತಿ ಎಲ್ಲ ಹೊರಗೆ ಪಡಸಾಲೆಯಲ್ಲಿ. ಒಳಗೆ ಬೆಂಕಿ ಬರಕೂಡದು. ಹೆಡ್‌ಮಾಸ್ತರರು "ಆಗಲಿ" ಎಂದರು.

ಹಳೆಯ ಕೋಣೆಯ ಬಾಗಿಲಿಗೆ ಮಾಸ್ತರರೇ ಬರೆದ ಉರ್ದು ಫಲಕವೊಂದು ಇತ್ತು, ಬೆಂಕಿ ತರಬೇಡಿ ಎಂದು. ಸಾಹೇಬರು ಬರುತ್ತಾರೆಂದು ಅದನ್ನು ಕಿತ್ತುಹಾಕಿದ್ದರು. ಅದಕ್ಕೆ ಬದಲು ಕನ್ನಡದಲ್ಲಿ ಬರೆದುಕೊಡಿ ಎಂದು ಮಾಸ್ತರರು ನನ್ನನ್ನು ಕೇಳಿದರು. ನಾನು ಹಲಗೆಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದುಕೊಟ್ಟೆ, ಅವರು ಕೆಂಪು ಬಣ್ಣದಲ್ಲಿ ತಿದ್ದಿದರು. "ಇಲ್ಲಿ ಬೆಂಕಿ ತರಬಾರದು." ಕನ್ನಡದಲ್ಲಿ ಅವರು ಮೊದಲ ಬಾರಿಗೆ ನಾಲ್ಕು ಜನರಿಗಾಗಿ ಬರೆದ ಮಾತು ಅದು.

ಉದ್ಘಾಟನೆಯ ದಿನ ಬೆಳಿಗ್ಗೆ ಅದನ್ನು ಬಾಗಿಲಿಗೆ ಹಾಕಲು ಹೋದಾಗ ಹೆಡ್‌ಮಾಸ್ತರರು ತಡೆದರು.

"ಏನ್ರೀ ಇದು? ಶುಭಕಾರ್ಯದ ದಿವಸ ಬಾಗಲ ಮ್ಯಾಲ ಬೆಂಕಿ ಅಂತ ಬರೀತೀರೇನು? ನಾಳೆ ಹಾಕ್ರಿ."

"ಸರ್, ಬೆಂಕಿ ಅಕ್ಷರದಾಗ ಇದ್ರ ಖೋಲ್ಯಾಗ ಬರೂದಿಲ್ರಿ" ಎಂದರು ಮಾಸ್ತರರು.

ಹೆಡ್‌ಮಾಸ್ತರರು ಹಲಗೆ ಇಸಿದುಕೊಂಡು ಬೀರುವಿನ ಹಿಂದೆ ನಿಲ್ಲಿಸಿದರು. ನಾನು ಅಲ್ಲೇ ಇದ್ದೆ. "ಇರ್ಲಿ ಬಿಡ್ರಿ ಸರ್, ಒಂದ ಹಲಿಗಿ ಐತಿ, ಹಾಕ್ಸ್ರಿ" ಎಂದು ನಾನೂ ಹೇಳಿದೆ. ಅವರು ನನ್ನತ್ತ ನೋಡಲೂ ಇಲ್ಲ.

ಸಾಹೇಬರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಬಿಸಿಲೇರಿತು, ಬಿಸಿಗಾಳಿ ಎದ್ದಿತು, ಹೊಸ ಕೋಣೆಯಲ್ಲಿ ಧೂಳು ತುಂಬುತ್ತದೆಂದು ಹೆಡ್‌ಮಾಸ್ತರರು ಕಿಟಕಿಗಳನ್ನು ಮುಚ್ಚಿಸಿದರು. ಕಾದು ಕೂತಿದ್ದ ಊರಿನ ಹಿರಿಯರಿಗೆ ಒಮ್ಮೆ ಬರ್ಫ ತೋರಿಸಿ ಎಂದರು. ಮಾಸ್ತರರು ತೋರಿಸಿದರು. ಆ ಸೆಕೆಯಲ್ಲಿ ಬರ್ಫ ಕರಗಿತು. ಸಾಹೇಬರು ಬರುವ ಹೊತ್ತಿಗೆ ಮತ್ತೆ ಸಿದ್ಧವಿರಲಿ, ಹೆಚ್ಚು ಹಾಕಿ ಎಂದರು. ಕಿಟಕಿ ತೆರೆದರೆ ಮಾತ್ರ ಎಂದು ಮಾಸ್ತರರು ಹಟ ಹಿಡಿದರು. ಆಯ್ತು, ತೆರೆಸುತ್ತೇನೆ ಎಂದು ಹೆಡ್‌ಮಾಸ್ತರರು ಹೊರಗೆ ಹೋದರು. ಮಾಸ್ತರರು ಈಥರ್ ಬಗ್ಗಿಸಿ ಊದತೊಡಗಿದರು. ಕಿಟಕಿ ತೆರೆಯಲಿಲ್ಲ, ಅಷ್ಟರಲ್ಲಿ ಜೀಪು ಬಂತು.

ಜೀಪಿನಿಂದ ಇಳಿದ ಸಾಹೇಬರಿಗೆ ಪಡಸಾಲೆಯಲ್ಲಿ ಹಾರ ಹಾಕಿದರು. ಅಲ್ಲಿ ಗಾಳಿಗೆ ಸಮೆಯ ದೀಪ ನಿಲ್ಲಲಿಲ್ಲ, ಹಚ್ಚಿದಷ್ಟು ಸಲವೂ ಆರಿತು. "ಒಳಗ ತೊಗೊಂಡ ಹೋಗ್ರಿ" ಎಂದರು ಹೆಡ್‌ಮಾಸ್ತರರು. ಇಬ್ಬರು ಸಮೆಯ ಹಿತ್ತಾಳೆ ಕಂಬವನ್ನು ಎತ್ತಿಕೊಂಡು ಹೋಗಿ ಬಾಗಿಲ ಒಳಗೆ ನೆಲದ ಮೇಲಿಟ್ಟರು. ಬಟ್ಟೆ ಅಂಗಡಿಯವರ ಹುಡುಗಿ ಇನ್ನೂ ಹಚ್ಚದ ಆರತಿಯ ತಟ್ಟೆ ಹಿಡಿದು ಅದರ ಪಕ್ಕದಲ್ಲಿ ನಿಂತಳು. ಜರಿಯ ಅಂಚಿನ ಲಂಗ ಉಟ್ಟಿದ್ದಳು.

ಆ ತುದಿಯ ಮೇಜಿನ ಬಳಿ ಬಗ್ಗಿದ್ದ ಮಾಸ್ತರರು ತಲೆಯೆತ್ತಿ ನೋಡಿದರು.

"ದೀಪ ಹೊರಗ! ಹಚ್ಚಬ್ಯಾಡ್ರಿ! ಹೊರಗ ಒಯ್ರಿ!"

ಸಾಹೇಬರ ಮುಂದೆ ಹಾಗೆ ಕೂಗಿದ್ದಕ್ಕೆ ಹೆಡ್‌ಮಾಸ್ತರರ ಮುಖ ಕೆಂಪೇರಿತು. "ಸುಮ್ಮನಿರ್ರೀ!" ಎಂದವರು ತಾವೇ ಕಡ್ಡಿ ಗೀರಿ ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಬತ್ತಿಗೆ ಮುಟ್ಟಿಸಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಉಸಿರು ಬಿಟ್ಟಂತೆ ಅಷ್ಟೇ. ನೆಲದ ಮೇಲೆ ನೀಲಿ ಬಣ್ಣದ್ದೊಂದು ಹಾಳೆ ಹಾಸಿದ ಹಾಗೆ ಬೆಂಕಿ ಬಾಗಿಲಿನಿಂದ ಮೇಜಿಗೆ ಓಡಿತು. ಮೇಜಿನ ಮೇಲಿದ್ದ ಬಟ್ಟಲು ಹತ್ತಿಕೊಂಡಿತು, ಹುಡುಗಿಯ ಲಂಗ ಹತ್ತಿಕೊಂಡಿತು. ಸಾಹೇಬರು, ಹೆಡ್‌ಮಾಸ್ತರರು, ಹಿರಿಯರು ಎಲ್ಲರೂ ಹೊರಗೆ ಓಡಿದರು. ಮಾಸ್ತರರು ಒಳಗಿನಿಂದ ಬಾಗಿಲ ಕಡೆಗೆ ಬೆಂಕಿ ತುಳಿದುಕೊಂಡೇ ಬಂದರು. ಒದ್ದೆ ಗೋಣಿಚೀಲವನ್ನು ಹುಡುಗಿಗೆ ಸುತ್ತಿ, ಎತ್ತಿ, ಬಾಗಿಲಲ್ಲಿದ್ದ ನನ್ನ ಕೈಗೆ ಕೊಟ್ಟರು. ಮತ್ತೆ ಒಳಗೆ ಹೋದರು. ಎರಡನೆಯ ಸಲಕ್ಕೆಂದು ತಂದಿದ್ದ ಈಥರ್ ಸೀಸೆ ಮೇಜಿನ ಮೇಲಿತ್ತು, ಅದರ ಬಾಯಿ ಉರಿಯುತ್ತಿತ್ತು. ಅದು ಒಡೆದರೆ ಬಾಗಿಲಲ್ಲಿ ತುರುಕಿಕೊಂಡಿದ್ದ ಜನರ ಮೇಲೆಯೇ ಬೀಳುತ್ತಿತ್ತು. ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಹಿಂಬಾಗಿಲಿನಿಂದ ಬಯಲಿಗೆ ನಡೆದರು. ಓಡಿದರೆ ತುಳುಕುತ್ತದೆಂದು ನಡೆದೇ ಹೋದರು... ನಾನು ನೋಡಿದೆ.

ಹುಡುಗಿ ಬದುಕಿದಳು. ಕಾಲು ಸುಟ್ಟಿತ್ತು, ಮುಂದೆ ಕುಂಟುತ್ತ ನಡೆದಳು. ಮಾಸ್ತರರ ಎರಡೂ ಕೈಗಳು ಕೆಲಸಕ್ಕೆ ಬಾರದಾದವು. ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿ ಉಳಿದವು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ನಿರ್ಲಕ್ಷ್ಯದಿಂದ ಈಥರ್ ಚೆಲ್ಲಿದ್ದಾರೆಂದು ಹೆಡ್‌ಮಾಸ್ತರರು ಹೇಳಿದರು. ಹುಡುಗಿಯ ತಂದೆಯೂ ಅವರ ಮಾತನ್ನೇ ಹೇಳಿದರು. ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಮಾಸ್ತರರನ್ನು ಅಧಿಕಾರಿ ಕೇಳಿದರು, "ಬಾಗಿಲಿಗೆ ಎಚ್ಚರಿಕೆಯ ಫಲಕ ಏಕೆ ಹಾಕಿರಲಿಲ್ಲ?"

ಮಾಸ್ತರರು ಹೆಡ್‌ಮಾಸ್ತರರ ಕಡೆಗೆ ನೋಡಿದರು. ನಾನು ಎದ್ದು ನಿಂತು ಎಲ್ಲ ಹೇಳಿದೆ. ಹಲಗೆ ಬೀರುವಿನ ಹಿಂದೆ ಇದೆ, ತೆಗೆಸಿ ನೋಡಿ ಎಂದೆ. ದೀಪ ಹಚ್ಚಬೇಡಿ ಎಂದು ಅವರು ಕೂಗಿದ್ದು ಊರಿಗೆಲ್ಲ ಕೇಳಿದೆ ಎಂದೆ. "ನಿಮ್ಮನ್ನು ಕೇಳಿದಾಗ ಹೇಳಿ ತಾಯಿ, ಕೂತುಕೊಳ್ಳಿ" ಎಂದರು ಅಧಿಕಾರಿ. ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ. ಕನ್ನಡದಲ್ಲಿ ಸೂಚನೆ ಕೊಡಲಾರದ ಶಿಕ್ಷಕನಿಂದ ಅನಾಹುತವಾಯಿತೆಂದು ತೀರ್ಮಾನಿಸಿ ಅವರನ್ನು ಕೆಲಸದಿಂದ ತೆಗೆದರು. ಪ್ರಯೋಗಾಲಯಕ್ಕೆ ಬೀಗ ಬಿತ್ತು. ಹುಡುಗಿಯನ್ನು ಶಾಲೆ ಬಿಡಿಸಿದರು. ಅವಳನ್ನು ನೋಡಿ ಬೇರೆಯವರೂ ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿದರು.

ಮಳೆಗಾಲ ಕಳೆದ ಮೇಲೆ ನಾನೂ ನನ್ನ ಯಜಮಾನರೂ ಮಾಸ್ತರರ ಹಳ್ಳಿಗೆ ಹೋದೆವು. ಮನೆಯ ಮುಂದೆ ಕಟ್ಟೆಯ ಮೇಲೆ ಕೂತಿದ್ದರು, ಅವರ ಹೆಂಡತಿ ರೊಟ್ಟಿ ಮುರಿದು ಉಣಿಸುತ್ತಿದ್ದರು. ನನ್ನನ್ನು ನೋಡಿ ಆಕೆ ಎದ್ದು ನಿಂತರು.

"ಬೆಂಕಿ ಹಚ್ಚಿದವ್ರು ಹಾರ ಹಾಕ್ಸಿಕೊಂಡು ಹೋದ್ರು. ಬೆಂಕಿ ಹಿಡದವ್ರು ಇಲ್ಲಿ ಕುಂತಾರ, ನೋಡ್ರಿ" ಎಂದರು.

"ಸುಮ್ನಿರು. ಇವ್ರು ನನ್ನ ಸಲುವಾಗಿ ಮಾತಾಡ್ಯಾರ" ಎಂದರು ಮಾಸ್ತರರು. ನನ್ನ ಕಡೆ ತಿರುಗಿ, "ಅಕ್ಕೋರ, ಹುಡುಗಿ ನಡಿತಾಳೇನ್ರಿ?" ಎಂದು ಕೇಳಿದರು.

"ನಡೀತಾಳ್ರಿ. ಸ್ವಲ್ಪ ಕುಂಟ್ತಾಳ."

"ಸಾಲಿಗಿ?"

"ಇಲ್ರಿ... ಬಿಡಿಸ್ಯಾರ."

ಅವರು ಹೊಳೆಯ ಕಡೆಗೆ ತಿರುಗಿದರು. "ಹಂಗಾದ್ರ ಏನ್ ಉಳಿಸಿದಂಗಾತ್ರಿ" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ನಮಗೆ ಸುರಪುರಕ್ಕೆ ವರ್ಗವಾದ ಮೇಲೆ, ಅವರು ತೀರಿಕೊಂಡ ಸುದ್ದಿ ಬಸ್ಸಿನಲ್ಲಿ ಆ ಕಡೆಯವರೊಬ್ಬರಿಂದ ತಿಳಿಯಿತು. ತೀರಿಕೊಂಡು ಆಗಲೇ ವರ್ಷ ಕಳೆದಿತ್ತಂತೆ.

ಹೆಡ್‌ಮಾಸ್ತರರು ಬಡ್ತಿಯ ಮೇಲೆ ಬಡ್ತಿ ಪಡೆದು ದೊಡ್ಡ ಹುದ್ದೆಯಲ್ಲಿ ನಿವೃತ್ತರಾದರು. ಸಾಹೇಬರೂ ಹೋದರು, ವಿಚಾರಣೆ ಮಾಡಿದವರೂ ಹೋದರು. ಎಲ್ಲರೂ ಗೌರವದಿಂದಲೇ ಸತ್ತರು. ತಪ್ಪಾಯಿತು ಎನ್ನಬೇಕಾದವರಲ್ಲಿ ಯಾರೂ ಈಗ ಇಲ್ಲ, ಕೇಳಿಸಿಕೊಳ್ಳಬೇಕಾದವರೂ ಇಲ್ಲ. ಸಿಟ್ಟು ಮಾತ್ರ ನನ್ನಲ್ಲಿ ಹಾಗೇ ಉಳಿದಿದೆ, ಯಾರ ಮೇಲೆ ತೀರಿಸಲಿ ಎಂದು ತಿಳಿಯದೆ.

ಅಂದು ಹಳ್ಳಿಯಿಂದ ಹೊರಟಾಗ ಮಾಸ್ತರರ ಹೆಂಡತಿ ಗಾಡಿಯ ತನಕ ಬಂದಿದ್ದರು. ಅರ್ಜಿ ಬರೆಯುತ್ತೇನೆ, ಮೇಲಿನವರಿಗೆ ಕಳಿಸುತ್ತೇನೆ ಎಂದು ನಾನು ಹೇಳುತ್ತಿದ್ದೆ. ಆಕೆ ಬೇಡವೆಂದು ಕೈ ಮುಗಿದರು. "ಅವ್ರ ಹೆಸ್ರು ಇನ್ನ ಯಾವ ಕಾಗದದಾಗೂ ಬರಿಬ್ಯಾಡ್ರಿ, ಅಕ್ಕೋರ. ಬರದವ್ರೆಲ್ಲಾ ಸುಳ್ಳ ಬರದಾರ" ಎಂದರು.

ಈ ಕಾಗದದಲ್ಲೂ ನಾನು ಅದನ್ನು ಬರೆದಿಲ್ಲ.