ನಾನು ಮುಚ್ಚಿಟ್ಟ ಎರಡನೆಯ ದಾರಿ

ನನ್ನ ಗಂಡನ ಕಾಯಿಲೆಗೆ ಡಾಕ್ಟರು ಎರಡು ದಾರಿ ಹೇಳಿದ್ದರು. ನಾನು ಮನೆಗೆ ಬಂದು ಒಂದನ್ನೇ ಹೇಳಿದೆ. ಮರೆತು ಅಲ್ಲ, ಅರ್ಥವಾಗದೆಯೂ ಅಲ್ಲ — ಬೇಕೆಂದೇ. ಕೆ.ಆರ್. ಪೇಟೆಯ ನಮ್ಮ ಬೀದಿಯಲ್ಲಿ ನನಗೆ ನಾಲಿಗೆ ಉದ್ದ ಎಂಬ ಹೆಸರಿದೆ. ಅಂಥವಳು ಹೇಳಲೇಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡು ಮೂರು ವರ್ಷ ಸುಮ್ಮನಿದ್ದೆ.

ನಮ್ಮದು ಚಿನ್ನದ ಕೆಲಸದ ಮನೆ. ಸುತ್ತಲಿನ ಹಳ್ಳಿಯವರು ಓಲೆ, ಬಳೆ, ಸರ ಎಲ್ಲವನ್ನೂ ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಕೊಂಡರೂ ತಾಳಿಗೆ ಮಾತ್ರ ಆಚಾರ್ರು, ಅಂದರೆ ನನ್ನ ಗಂಡನ ಹತ್ತಿರವೇ ಬರುತ್ತಾರೆ. ಒಳ್ಳೆಯ ದಿನ ನೋಡಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ ಹಿಡಿದು ಬಂದು, ಎದುರಿಗೆ ಕೂತು ಚಿನ್ನ ಕರಗಿಸುತ್ತಾರೆ. ಆವತ್ತು ನಮ್ಮವರು ಬೆಳಗ್ಗೆಯೇ ಮಿಂದು, ಮಡಿಯುಟ್ಟು, ತಾಳಿ ಮುಗಿಯುವವರೆಗೂ ಉಪವಾಸ. ಬಂದ ಹೆಂಗಸರಿಗೆ ಹೋಗುವಾಗ ಕುಂಕುಮ ಕೊಡುವವಳು ನಾನು. ಕೊಡುವಾಗ ನನಗೊಂದು ಗತ್ತಿತ್ತು. ಅದನ್ನೂ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಗತ್ತಿಗೂ ಈ ಪಾಪದಲ್ಲಿ ಪಾಲಿದೆ.

ಒಂದು ದಿನ ಅವರ ಮೂತ್ರದಲ್ಲಿ ರಕ್ತ ಬಂತು. ನೋವಿಲ್ಲ, ಉರಿಯಿಲ್ಲ. "ಉಷ್ಣ ಕಣಮ್ಮಿ, ಬೆಂಕಿ ಮುಂದೆ ಕೂತೂ ಕೂತೂ ಅಂಗಾಗೈತೆ," ಎಂದು ಎಳನೀರು ಕುಡಿದರು. ನಿಂತಿತು. ಮತ್ತೆ ಬಂತು. ಕಡೆಗೆ ಮೈಸೂರಿನ ಒಂದು ಆಸ್ಪತ್ರೆಗೆ ಹೋದೆವು. ಮೂತ್ರಕೋಶದೊಳಕ್ಕೆ ಕೊಳವೆ ಹಾಕಿ ನೋಡಿದರು, ಬೆಳೆದಿದ್ದನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವ ದಿನವೇ ನಾಗಮಂಗಲದ ಕಡೆಯವರ ತಾಳಿ ಮುಹೂರ್ತ. ತಪ್ಪಿಸುವ ಹಾಗಿರಲಿಲ್ಲ. "ನೀನೇ ಓಗಿ ಕೇಳ್ಕಂಡ್ ಬಾ. ನೀನು ಓದಿರೋಳು," ಎಂದರು. ನನ್ನನ್ನು ನಂಬಿ ಕಳಿಸಿದರು.

ಡಾಕ್ಟರು ಕ್ಯಾನ್ಸರ್ ಎಂದರು. ಕಾಗದದ ಮೇಲೆ ಮೂತ್ರಕೋಶದ ಚಿತ್ರ ಬರೆದು ತೋರಿಸಿದರು. ಒಳಪದರ ದಾಟಿದೆ, ಅದರಾಚೆಯ ಸ್ನಾಯುವಿಗೆ ಇನ್ನೂ ಇಳಿದಿಲ್ಲ, ಆದರೆ ಬೇಗ ಬೆಳೆಯುವ ಜಾತಿಯದು. ಒಂದು ದಾರಿ — ವಾರಕ್ಕೊಮ್ಮೆ ಮೂತ್ರಕೋಶದೊಳಗೆ ಔಷಧಿ ಬಿಡುವುದು, ಆಮೇಲೆ ವರ್ಷಗಟ್ಟಲೆ ತಪ್ಪದೆ ಕೊಳವೆ ಹಾಕಿ ನೋಡುತ್ತಲೇ ಇರುವುದು. ಹಲವರಿಗೆ ಅಷ್ಟೇ ಸಾಕಾಗುತ್ತದೆ. ಕೆಲವರಿಗೆ ಮರಳಿ ಬಂದು ಆಳಕ್ಕೆ ಇಳಿಯುತ್ತದೆ. ಇನ್ನೊಂದು — ಈಗಲೇ ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡಿನಿಂದ ಹೊಟ್ಟೆಯ ಮೇಲೊಂದು ಬಾಯಿ ಮಾಡಿ, ಮೂತ್ರ ಇಳಿಯಲು ಅಲ್ಲಿಗೆ ಚೀಲ ಅಂಟಿಸುವುದು. ದೊಡ್ಡ ಆಪರೇಷನ್ನು, ಆದರೂ ಇವರ ಗೆಡ್ಡೆಗೆ ಅದನ್ನು ಗಂಭೀರವಾಗಿ ಯೋಚಿಸಬೇಕು ಎಂದರು. "ಎರಡರಲ್ಲೂ ಒಳ್ಳೇದಿದೆ, ಕಷ್ಟವೂ ಇದೆ. ಆರಿಸಬೇಕಾದವರು ಅವರು. ಕರ್ಕೊಂಡು ಬನ್ನಿ, ಕೂರಿಸ್ಕೊಂಡು ಹೇಳ್ತೀನಿ."

"ನಾನೇ ಹೇಳ್ತೀನಿ ಸಾರ್," ಎಂದೆ.

ಬಸ್ಸು ಹತ್ತಿದಾಗ ಹೇಳಬೇಕೆಂದೇ ಇತ್ತು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗಲೂ ಮಾತನ್ನು ಹೇಗೆ ಶುರುಮಾಡಲಿ ಎಂದೇ ಯೋಚಿಸುತ್ತಿದ್ದೆ. ಪಾಂಡವಪುರ ಬರುವಷ್ಟರಲ್ಲಿ ಆ ಚೀಲ ಕಣ್ಣಿಗೆ ಕಟ್ಟಿತು. ಉಚ್ಚೆಯ ಚೀಲ ಕಟ್ಟಿಕೊಂಡವರಿಗೆ ಮಡಿ ಎಲ್ಲಿಯದು? ಅವರ ಕೈಯಲ್ಲಿ ಯಾರು ತಾಳಿ ಮಾಡಿಸುತ್ತಾರೆ? ನನ್ನ ಕೈಯ ಕುಂಕುಮವನ್ನು ಯಾರು — ಹೌದು, ಅಲ್ಲಿಗೇ ಹೋಯಿತು ಯೋಚನೆ. ಅವರ ಮಾನಕ್ಕೆ ಹೆದರಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದರ ಅಡಿಯಲ್ಲಿ ಇನ್ನೊಂದಿತ್ತು, ಹೇಳಲು ನಾಚಿಕೆಯಾಗುತ್ತದೆ — ಅಸಹ್ಯ. ಅದು ಹಾಸಿಗೆಯಲ್ಲಿ ನನ್ನ ಪಕ್ಕದಲ್ಲಿರುತ್ತದೆ, ಅದನ್ನು ಸುರಿಯುವ ಕೈ ನನ್ನದಾಗುತ್ತದೆ... ಕೆ.ಆರ್. ಪೇಟೆಯಲ್ಲಿ ಇಳಿಯುವಾಗ ನಾನು ತೀರ್ಮಾನ ಮಾಡಿಯಾಗಿತ್ತು.

ಅವರು ಆಗಷ್ಟೇ ತಾಳಿ ಕೊಟ್ಟು ಊಟಕ್ಕೆ ಕೂತಿದ್ದರು. ಏನಂತೆ ಎಂದರು.

"ಕ್ಯಾನ್ಸರೇ ಅಂತೆ, ಆದ್ರೆ ಚಿಕ್ಕದಂತೆ. ಗೆಡ್ಡೆ ತೆಗ್ದಾಯ್ತಲ್ಲ. ಇನ್ನು ಒಳೀಕೆ ಔಸ್ದಿ ಬುಡ್ತಾರಂತೆ, ಅಷ್ಟೇ."

ಡಾಕ್ಟರಿಗೂ ಒಂದು ಸುಳ್ಳು ಹೇಳಿದೆ: ಎಲ್ಲ ಹೇಳಿದೆ, ಅವರು ಔಷಧಿಯೇ ಸಾಕು ಎಂದರು. ಡಾಕ್ಟರು ಅಷ್ಟಕ್ಕೇ ಬಿಡದೆ, ಮನೆಯವರು ಎಲ್ಲ ವಿವರಿಸಿದ್ದಾರೆಯೇ ಎಂದು ಇವರನ್ನೇ ಕೇಳಿದರು. "ಏಳವ್ಳೆ ಸಾರ್, ಎಲ್ಲಾ ಏಳವ್ಳೆ," ಎಂದರು ಇವರು, ನನ್ನ ಮುಖ ನೋಡಿ ನಗುತ್ತ. ಆ ನಗುವಿಗೆ ನಾನೂ ನಕ್ಕೆ.

ಔಷಧಿ ಬಿಟ್ಟ ದಿನ ಮೂತ್ರ ಉರಿಯುತ್ತಿತ್ತು, ಚಳಿಜ್ವರ ಬರುತ್ತಿತ್ತು. ಸಹಿಸಿದರು. ಒಂದೆರಡು ಸಲ ಕೊಳವೆ ಹಾಕಿ ನೋಡಿದಾಗ ಏನೂ ಇರಲಿಲ್ಲ. ಮುಂದಿನ ಸಲ ಮದುವೆಯ ಕಾಲ, ಕೈತುಂಬ ಕೆಲಸ. "ಚಿಕ್ಕದು ಅಂದ್ಯಲ್ಲ, ಸುಮ್ಸುಮ್ನೆ ಆ ಕೊಳ್ವೆ ಯಾಕ್ ಆಕಿಸ್ಕಬೇಕು ಬುಡು," ಎಂದು ಹೋಗಲಿಲ್ಲ. ಅದರ ಮುಂದಿನ ಸಲವೂ ಹೋಗಲಿಲ್ಲ. ನಾನು ಹಟ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಹಟ ಹಿಡಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಎಲ್ಲ ಹೊರಗೆ ಬರುತ್ತದೆ. ಸುಮ್ಮನಾದೆ. ಮೊದಲ ಸುಳ್ಳಿಗಿಂತ ಈ ಸುಮ್ಮನಿದ್ದದ್ದೇ ಹೆಚ್ಚು ಸುಡುತ್ತದೆ ನನ್ನನ್ನು.

ಈ ವರ್ಷ ಮತ್ತೆ ರಕ್ತ ಬಂತು, ಜೊತೆಗೆ ಸೊಂಟನೋವು. ಸ್ಕ್ಯಾನು ಮಾಡಿದರು. ಸ್ನಾಯುವಿಗೆ ಇಳಿದು, ಸೊಂಟದ ಮೂಳೆಗೂ ಹೋಗಿತ್ತು. ಇನ್ನು ಆಪರೇಷನ್ನಿಗೆ ಆಗುವುದಿಲ್ಲ ಎಂದರು ಡಾಕ್ಟರು. ಇವರು ಅದನ್ನು ಮೊದಲಿನ ಹಾಗೆ ಗೆಡ್ಡೆ ಕೆರೆಯುವ ಆಪರೇಷನ್ನು ಎಂದುಕೊಂಡರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ತಡೆಯಲು, ನೋವು ತಗ್ಗಿಸಲು ಚಿಕಿತ್ಸೆ ಇದೆ, ಯೋಚಿಸಿಕೊಂಡು ಎರಡು ವಾರ ಬಿಟ್ಟು ಬನ್ನಿ ಎಂದರು ಡಾಕ್ಟರು.

ಆ ನಡುವೆಯೇ ಅಕ್ಕಿಹೆಬ್ಬಾಳಿನ ರೈತರೊಬ್ಬರು ಮಗಳ ತಾಳಿಗೆ ಬಂದರು. ಅವರ ಹೆಂಡತಿ ಒಳಗೆ ಬಂದರು, ತಾವು ಮಾತ್ರ ಹೊಸಿಲಾಚೆಯೇ ನಿಂತರು.

"ನಾನ್ ಈಚೇಲೇ ಕೂತ್ಕತೀನಿ ಆಚಾರ್ರೇ. ಮೂತ್ರಕೋಸ ತೆಗ್ಸಿ ಒಟ್ಟೆ ಮೇಲೆ ಚೀಲ ಆಕವ್ರೆ ನಂಗೆ. ಮಡಿ ಕೆಲ್ಸ ಅಲ್ವಾ ಇದು."

ನಮ್ಮವರ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. "ಬೆಂಕಿ ಮುಂದೆ ಯಾವ ಮೈಲ್ಗೆ? ಬನ್ನಿ ಒಳೀಕೆ," ಎಂದರು. ಎಲ್ಲರಿಗಿಂತ ಹತ್ತಿರ ಕೂರಿಸಿಕೊಂಡು, ಅವರ ಕೈಯಿಂದಲೇ ಕರಗಿಸುವ ಮೂಸೆಗೆ ಚಿನ್ನ ಹಾಕಿಸಿದರು. ಕೆಲಸ ಮಾಡುತ್ತಲೇ ಒಂದೊಂದಾಗಿ ಕೇಳಿದರು. ಅವರದೂ ಇದೇ ಕಾಯಿಲೆಯಂತೆ. ಹಸು ಕರೆಯುತ್ತೀರಾ, ಗದ್ದೆಗೆ ಇಳಿಯುತ್ತೀರಾ? "ಎಲ್ಲಾ ಮಾಡ್ತೀನಿ. ಮೊದ್ಲು ಕಷ್ಟ ಆಯ್ತು, ಆಮ್ಯಾಕೆ ಒಗ್ಗೋಯ್ತು." ನಾನು ಕುಂಕುಮ ಕೊಡುವಾಗ ಅವರ ಹೆಂಡತಿ ನನಗೆ ಮೆಲ್ಲಗೆ ಹೇಳಿದರು, "ಸುರೂನಾಗೆ ನಾನೇ ಸುರೀತಿದ್ದೆ ಕಣಕ್ಕ. ಈಗ ಅವ್ರೇ ಮಾಡ್ಕತಾರೆ." ಅಡುಗೆಯ ಮಾತಾಡಿದಷ್ಟು ಸಲೀಸಾಗಿ ಹೇಳಿದರು. ನನ್ನ ಕೈ ಕುಂಕುಮದ ಬಟ್ಟಲಲ್ಲೇ ಉಳಿಯಿತು.

ಅವರು ಹೋದ ಮೇಲೆ ಇವರು ಇಕ್ಕಳ, ಮೂಸೆ ಎತ್ತಿಟ್ಟರು. ಆಮೇಲೆ ಹೇಳಿದರು, "ಇಂಗೊಂದು ದಾರಿ ಐತೆ ಅಂತ ಆ ಡಾಕ್ಟ್ರು ಒಂದ್ ಮಾತು ಏಳ್ಲಿಲ್ವಲ್ಲಮ್ಮಿ. ಏಳಿದ್ರೆ ಆವತ್ತೇ ಮಾಡಿಸ್ಕಂಡ್ಬುಡ್ತಿದ್ದೆ. ಇನ್ ಆವಯ್ಯನ ಮಕ ನೋಡಕಿಲ್ಲ ನಾನು."

ಮಾಡಿಸಿಕೊಂಡುಬಿಡುತ್ತಿದ್ದರಂತೆ. ನಾನು ಅವರ ಪರವಾಗಿ ಹೆದರಿದ್ದೆ, ಅವರು ಹೆದರುವವರೇ ಆಗಿರಲಿಲ್ಲ.

ಡಾಕ್ಟರು ಹೇಳಿದ ದಿನ ಬಂದರೂ ಇವರು ಮೈಸೂರಿಗೆ ಹೊರಡಲಿಲ್ಲ. ಬೀದಿಯಲ್ಲಿ ಸಿಕ್ಕವರ ಮುಂದೆಲ್ಲ ಡಾಕ್ಟರನ್ನು ಬೈದರು. ಬಾಯಿಗೆ ಬಂದಂತೆ ಬೈದರು. ಉಳಿದಿದ್ದ ಚಿಕಿತ್ಸೆಯೂ ನನ್ನ ಸುಳ್ಳಿನಿಂದಲೇ ಕೈತಪ್ಪುತ್ತಿತ್ತು. ಮಾರನೆಯ ದಿನ ಬೆಳಗ್ಗೆ ಅವರ ಮುಂದೆ ಹೋಗಿ ಕೂತೆ.

"ಡಾಕ್ಟ್ರು ಏಳಿದ್ರು ಕಣ್ರೀ. ನಾನೇ ನಿಮ್ಗೆ ಏಳ್ಲಿಲ್ಲ."

ಬಸ್ಸಿನಲ್ಲಿ ಯೋಚಿಸಿದ್ದನ್ನೆಲ್ಲ ಹೇಳಿದೆ. ಅಸಹ್ಯವನ್ನೂ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹಾಗಾದರೆ ಸಾಕು ಎಂದೂ ಅನ್ನಿಸಿತ್ತು. ಅವರು ನನ್ನ ಕೈಗಳನ್ನೇ ನೋಡುತ್ತ ಕೂತರು.

"ಈಗ ಏನೇನ್ ದಾರಿ ಅವಂತೆ? ಏಳು."

ಹೇಳಿದೆ. ಕೀಮೋ, ಮೂಳೆಯ ನೋವಿಗೆ ರೇಡಿಯೇಷನ್, ಇವು ಯಾವುದೂ ಬೇಡವೆಂದರೆ ನೋವಿನ ಔಷಧಿ ತೆಗೆದುಕೊಂಡು ಮನೆಯಲ್ಲೇ ಇರುವುದು.

"ಇಷ್ಟೇನಾ?"

"ಇಷ್ಟೇ."

"ಇನ್ನೊಂದ್ ಸಲ ಯೋಚ್ನೆ ಮಾಡಿ ಏಳು. ಇಷ್ಟೇನಾ?"

ಆಣೆ ಇಡೋಣವೆಂದರೆ ಯಾವುದರ ಮೇಲೆ ಇಡಲಿ? ಹೌದೆಂದು ತಲೆಯಾಡಿಸಿದೆ.

ಮೈಸೂರಿಗೆ ಹೋದೆವು. ಡಾಕ್ಟರ ಕೋಣೆಯಿಂದ ಹೆಸರು ಕೂಗಿದಾಗ ನಾನೂ ಎದ್ದೆ. "ನೀ ಇಲ್ಲೇ ಕೂತಿರು. ನಾನೇ ಕೇಳ್ಕಂಡ್ ಬತ್ತೀನಿ," ಎಂದು ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾತುಗಳ ಗುಂಯ್ ಎಂಬ ಸದ್ದು ಮಾತ್ರ ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವರ ಮುಖದಿಂದ ನನಗೆ ಏನೂ ತಿಳಿಯಲಿಲ್ಲ.

ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣ ದಾಟಿತು, ಪಾಂಡವಪುರ ದಾಟಿತು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಏನು ಆರಿಸಿಕೊಂಡರೋ ಹೇಳಲಿಲ್ಲ, ನಾನು ಕೇಳಲಿಲ್ಲ. ಹೇಳಿದ ದಿನ ಕೇಳಿಸಿಕೊಳ್ಳುತ್ತೇನೆ, ಏನೇ ಆದರೂ ಜೊತೆಗಿರುತ್ತೇನೆ. ಹೇಳದೇ ಹೋದರೆ — ಜೊತೆಯಲ್ಲಿರುವವರೇ ಹೇಳದಿದ್ದರೆ ಹೇಗಿರುತ್ತದೆಂದು ನಾನೂ ತಿಳಿದುಕೊಳ್ಳುತ್ತೇನೆ.